ರೆಕ್ಕೆಯ ಕೆಳಗಿನ ಕೆಂಪು

ಕೆಲವರ ಹವ್ಯಾಸಗಳನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಅಂಚೆಚೀಟಿ ಕೂಡಿಡುತ್ತೇನೆ, ಕೊಳಲು ಕಲಿಯುತ್ತಿದ್ದೇನೆ, ಗುಲಾಬಿ ಬೆಳೆಸುತ್ತೇನೆ ಎಂದರೆ ಕೇಳಿದವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ನನ್ನದನ್ನು ವಿವರಿಸಲು ಹೊರಟರೆ ಮಾತ್ರ ಎದುರಿನವರ ಕಾಫಿ ಆರಿಹೋಗುತ್ತದೆ, ಮುಖದಲ್ಲಿ ನನ್ನ ಬಗ್ಗೆ ಒಂದು ಬಗೆಯ ಕರುಣೆ ಮೂಡುತ್ತದೆ. ಹೆಣ್ಣು ನೋಡಲು ಕುನ್ನತ್ತೂರಿಗೆ ಹೋಗಿದ್ದಾಗ, ಮುಂದೆ ನನಗೆ ಮಾವನಾದ ರಾಮಸ್ವಾಮಿಯವರು ಭಾನುವಾರ ಏನು ಮಾಡುತ್ತೀರಿ ಎಂದು ಕೇಳಿದ್ದರು. ಕಂಪ್ಯೂಟರಿನಲ್ಲಿ ವಿಮಾನಗಳಿಗೆ ರಾತ್ರಿಯ ಬೆಳಕು ಬಿಡಿಸುತ್ತೇನೆ ಎಂದೆ. ಅವರು ಗಂಭೀರವಾಗಿ ಹೂಂಗುಟ್ಟಿದರು. ಅದನ್ನು ಅವರು ಯಾವುದೋ ಸರ್ಕಾರಿ ಕೆಲಸವೆಂದು ತಿಳಿದು ಮಗಳನ್ನು ಕೊಟ್ಟರೆಂದು ನನ್ನ ಹೆಂಡತಿ ಶಾಂತಾಮಣಿ ಇವತ್ತಿಗೂ ಹೇಳುತ್ತಾಳೆ.

ಓದುಗರಿಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ಫ್ಲೈಟ್ ಸಿಮ್ಯುಲೇಟರ್ ಎಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಒಂದು ಆಟ. ಆಟ ಎಂದರೆ ಅದರ ಭಕ್ತರು ಸಿಟ್ಟಾಗುತ್ತಾರೆ, ಆ ಮಾತು ಬೇರೆ. ಅದರೊಳಗಿನ ವಿಮಾನ ಒಂದು ಖಾಲಿ ಆಕಾರ, ಅಷ್ಟೆ. ಅದರ ಮೈಗೆ ಒಂದು ಚಿತ್ರವನ್ನು ಸುತ್ತಿರುತ್ತಾರೆ. ಕಿಟಕಿ, ಬಾಗಿಲು, ಬಾಲದ ಗುರುತು ಎಲ್ಲವೂ ಆ ಚಿತ್ರದಲ್ಲೇ ಇರುತ್ತವೆ. ಸಂಜೆಯಾಗುತ್ತಲೇ ಆಟವು ಹಗಲಿನ ಚಿತ್ರವನ್ನು ಕಳಚಿ ರಾತ್ರಿಯ ಚಿತ್ರವನ್ನು ತೊಡಿಸುತ್ತದೆ. ಆ ರಾತ್ರಿಯ ಚಿತ್ರ ಬರೆಯುವುದು ನನ್ನ ಕೆಲಸ. ಇಡೀ ವಿಮಾನವನ್ನು ಕಪ್ಪಾಗಿಸಿ, ಕಿಟಕಿಗಳಿಗೆ ಮಾತ್ರ ಹಳದಿ ಕೊಡಬೇಕು. ಬಾಲದ ಮೇಲೆ ಕೆಳಗಿನಿಂದ ದೀಪ ಬಿದ್ದಂತೆ ಬೀಸಣಿಗೆಯಾಕಾರದ ಬೆಳಕು, ಹೊಟ್ಟೆಯ ಕೆಳಗೆ ಮಿಣುಕುವ ದೀಪದ ಕೆಂಪು. ನಿಜವಾಗಿ ಅಲ್ಲಿ ಒಂದು ದೀಪವೂ ಇರುವುದಿಲ್ಲ, ಇರುವುದೆಲ್ಲ ಬಣ್ಣವೇ. ಯಾವುದೋ ದೇಶದಲ್ಲಿ ಕುಳಿತವರು ಆಕಾರ ಮಾಡಿ ಕಳಿಸುತ್ತಿದ್ದರು, ನಾನು ಅದಕ್ಕೆ ರಾತ್ರಿ ತರಿಸಿ ವಾಪಸ್ಸು ಕಳಿಸುತ್ತಿದ್ದೆ. ಯಾರೂ ಯಾರಿಗೂ ಬಿಡಿಗಾಸು ಕೊಡುತ್ತಿರಲಿಲ್ಲ. ಹಾಗಾಗಿಯೇ ಎಲ್ಲರೂ ತುಂಬ ಕಟ್ಟುನಿಟ್ಟಾಗಿದ್ದೆವು.

ನಾನು ದಾವಣಗೆರೆ ಕಡೆಯವನು. ಕೊಯಮತ್ತೂರಿನ ಪೀಳಮೇಡಿನಲ್ಲಿರುವ ಪಂಪು ಕಾರ್ಖಾನೆಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ, ಸಿಂಗಾನಲ್ಲೂರಿನಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಈ ಚಿತ್ರಗಳ ಕಷ್ಟವೆಂದರೆ, ಕಪ್ಪಿಗೂ ಇನ್ನೂ ಕೊಂಚ ಕಪ್ಪಿಗೂ ಇರುವ ವ್ಯತ್ಯಾಸ ಬಿಸಿಲಿರುವ ಕೋಣೆಯಲ್ಲಿ ಕಾಣುವುದಿಲ್ಲ. ರಾತ್ರಿ ಕೂರೋಣವೆಂದರೆ ಶಾಂತಾಮಣಿ ಒಪ್ಪುವುದಿಲ್ಲ. ಹಾಗಾಗಿ ಭಾನುವಾರ ಹಗಲಿನಲ್ಲೇ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಕೂರುತ್ತಿದ್ದೆ. ಮೊದಮೊದಲು ಕೆಳಗಿನ ಮನೆಯ ಯಜಮಾನಿ ಅದನ್ನು ನೋಡಿ, ಮೇಲೆ ಯಾರಿಗೋ ಸೀತಾಳೆ ಸಿಡುಬಿನ ಅಮ್ಮ ಎದ್ದಿರಬೇಕೆಂದುಕೊಂಡು ಒಂದು ಕಟ್ಟು ಬೇವಿನ ಸೊಪ್ಪು ಕಳಿಸಿಕೊಟ್ಟರು. ಶಾಂತಾಮಣಿ ನಿಜ ಹೇಳಲು ನಾಚಿ ಅದನ್ನು ಬಾಗಿಲಿಗೆ ಸಿಕ್ಕಿಸಿದಳು. ಒಂದು ವಾರ ಹಾಲಿನವನು ಮೆಟ್ಟಿಲು ಹತ್ತಲಿಲ್ಲ.

ಇಷ್ಟರವರೆಗೆ ನನ್ನ ಹವ್ಯಾಸದಿಂದ ಲೋಕಕ್ಕೆ ಒಳ್ಳೆಯದಾಗಲೀ ಕೆಟ್ಟದ್ದಾಗಲೀ ಆಗಿರಲಿಲ್ಲ. ಹೀಗಿರುವಾಗ ಒಂದು ಸೋಮವಾರ ಮುಂಬಯಿಯಿಂದ ಫೋನು ಬಂತು. ಮಾವನ ಅಕ್ಕ ನಂಜಮ್ಮನವರಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ತಾಯಿ ತೀರಿಕೊಂಡ ಮೇಲೆ ಮಾವನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಬುಧವಾರ ಮಧ್ಯಾಹ್ನ ಆಪರೇಷನ್. ತಡಮಾಡುವ ಹಾಗಿಲ್ಲ ಎಂದು ಡಾಕ್ಟರು, ತಮ್ಮನ ಮುಖ ನೋಡದೆ ಒಳಗೆ ಹೋಗುವುದಿಲ್ಲ ಎಂದು ನಂಜಮ್ಮತ್ತೆ. ರೈಲಿನಲ್ಲಿ ಹೊರಟರೆ ಹೊತ್ತಿಗೆ ಸರಿಯಾಗಿ ಮುಟ್ಟುವ ನಂಬಿಕೆಯಿರಲಿಲ್ಲ, ರಜೆಯ ದಿನಗಳಾದ್ದರಿಂದ ಸೀಟೂ ಇರಲಿಲ್ಲ. ನಂಜಮ್ಮತ್ತೆಯ ಮಗ ಮಂಗಳವಾರ ಸಂಜೆಯ ವಿಮಾನಕ್ಕೆ ಮಾವನ ಹೆಸರಿನಲ್ಲಿ ಟಿಕೆಟ್ ತೆಗೆಸಿಬಿಟ್ಟಿದ್ದ.

ಮಾವ ಅಂದೇ ಕುನ್ನತ್ತೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಕೊಬ್ಬರಿ ವ್ಯಾಪಾರದಲ್ಲಿ ಹತ್ತೂರು ತಿರುಗಿದ ಮನುಷ್ಯ, ವಯಸ್ಸಿನಲ್ಲಿ ಎಂಥ ತೆಂಗಿನಮರವನ್ನೂ ಹತ್ತಿದವರು. ಎತ್ತರಕ್ಕೆ ಹೆದರುವ ಪೈಕಿಯಲ್ಲ. ಆದರೂ ಕಾಫಿ ಕುಡಿದು ಲೋಟ ಕೆಳಗಿಟ್ಟವರೇ ತಾನು ರೈಲಿನಲ್ಲೇ ಹೋಗುವುದಾಗಿ, ನಿಂತುಕೊಂಡಾದರೂ ಹೋಗುವುದಾಗಿ ಹೇಳಿದರು. ಹೊತ್ತಿಗೆ ಮುಟ್ಟುವುದಿಲ್ಲವೆಂದು ಮಗಳು ಎಷ್ಟು ಹೇಳಿದರೂ ನೆಲ ನೋಡುತ್ತಾ ಕುಳಿತರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಹಗಲಾದ್ರೆ ಹೋಯ್ತೀನಿ ಮಾಪ್ಳೆ. ಇರುಟ್ಟಿನಲ್ಲಿ ಅದಕ್ಕೆ ದಾರಿ ಹ್ಯಾಗೆ ಕಾಣುತ್ತೆ?"

ಮಾಪ್ಳೆ ಎಂದರೆ ಅಳಿಯ, ಇರುಟ್ಟು ಎಂದರೆ ಕತ್ತಲು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಅವರ ಮನೆಯ ಕನ್ನಡದಲ್ಲಿ ಮುಖ್ಯವಾದ ಮಾತುಗಳೆಲ್ಲ ತಮಿಳಿನವು. ಕತ್ತಲಿನಲ್ಲಿ ಎತ್ತಿನ ಗಾಡಿಗೂ ಲಾಟೀನು ಬೇಕು, ಅಷ್ಟು ದೊಡ್ಡದು ಯಾವುದನ್ನು ನಂಬಿ ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಅಕ್ಕನ ಹೆಸರೆತ್ತಿದರೆ ಚೀಲ ಹಿಡಿದು ಏಳುತ್ತಿದ್ದರು, ವಿಮಾನದ ಹೆಸರೆತ್ತಿದರೆ ಅದನ್ನು ಕೆಳಗಿಟ್ಟು ಮತ್ತೆ ಕೂರುತ್ತಿದ್ದರು. ನೋಡುವವರಿಗೇ ಸಂಕಟವಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಶಾಂತಾಮಣಿ ನನ್ನನ್ನು ಅಡುಗೆಮನೆಗೆ ಕರೆದಳು. ಸಾಮಾನ್ಯವಾಗಿ ನನ್ನನ್ನು "ರೀ" ಎನ್ನುವವಳು ಅಂದು "ಏನುಂಗೋ" ಎಂದಳು. ಅವಳು ಕುನ್ನತ್ತೂರಿನ ಧಾಟಿಗೆ ಇಳಿದಳೆಂದರೆ ನನಗೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ಇಷ್ಟು ವರ್ಷ ಕಂಬಳಿ ಹೊದಿಸಿಕೊಂಡು ಏನು ಮಾಡಿದಿರೋ ಅದನ್ನು ಅಪ್ಪನಿಗೆ ತೋರಿಸಿ, ಕತ್ತಲಿನಲ್ಲೂ ಬೆಳಕಿರುತ್ತದೆಂದು ಅವರಿಗೆ ಕಣ್ಣಾರೆ ಕಾಣಲಿ ಎಂದಳು. ಮದುವೆಯಾದ ಮೇಲೆ ಅವಳು ನನ್ನ ಹವ್ಯಾಸದಿಂದ ಏನನ್ನಾದರೂ ಬಯಸಿದ್ದು ಅದೇ ಮೊದಲು. ನಾನು ಕಾರ್ಖಾನೆಗೆ ಫೋನು ಮಾಡಿ ರಜೆ ಹಾಕಿದೆ, ಕಂಬಳಿಗಳನ್ನು ಹೊದಿಸಿದೆ, ಕಂಪ್ಯೂಟರಿನ ಮುಂದೆ ಮಾವನಿಗೆ ಕುರ್ಚಿ ಹಾಕಿದೆ. ಅವರು ಚಪ್ಪಲಿ ಬಿಟ್ಟು, ಕೈಮುಗಿದು ಕುಳಿತರು.

ಆಗ ನನ್ನ ಕೈಯಲ್ಲಿದ್ದುದು ರೆಕ್ಕೆಯ ಕೆಳಗೆ ಎರಡು ಎಂಜಿನ್ನುಗಳಿರುವ ದೊಡ್ಡ ವಿಮಾನ. ಅದರ ರಾತ್ರಿ ಹೆಚ್ಚುಕಡಿಮೆ ಮುಗಿದಿತ್ತು. ಹೊಟ್ಟೆಯ ಕೆಳಗಿನ ಕೆಂಪನ್ನು ಹಿಂದಿನ ಭಾನುವಾರವಷ್ಟೇ ಬಳಿದಿದ್ದೆ. ಕೊಯಮತ್ತೂರಿನ ರನ್‌ವೇಯಿಂದ ವಿಮಾನವನ್ನು ಎಬ್ಬಿಸಿದೆ. ಅದು ಅಲುಗಾಡದೆ ಮೇಲೇರಿತು. ಮಾವ ಉಸಿರು ಹಿಡಿದು ನೋಡುತ್ತಿದ್ದವರು ಕೆಳಗೆ ಹಸಿರು ಕಂಡಾಗ ಅದು ಯಾರ ತೋಟ ಎಂದು ಕೇಳಿದರು. ಇದು ಒಳ್ಳೆಯ ಲಕ್ಷಣವೆಂದು ನಾನೂ ಶಾಂತಾಮಣಿಯೂ ಮುಖ ನೋಡಿಕೊಂಡೆವು. ಆಮೇಲೆ ಗಡಿಯಾರವನ್ನು ಮುಂದೆ ತಿರುಗಿಸಿದೆ. ಆಕಾಶ ಕೆಂಪಾಯಿತು, ನೀಲಿಯಾಯಿತು, ಕಿಟಕಿಗಳ ಸಾಲಿಗೆ ಸಾಲೇ ಹೊತ್ತಿಕೊಂಡಿತು. ನನ್ನ ಹಳದಿ ಅಂದು ಎಂದಿಗಿಂತ ಚೆನ್ನಾಗಿತ್ತು. ಮಾವನ ಹೆಗಲು ಸಡಿಲವಾದದ್ದು ನನಗೆ ಕಂಡಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ತಾನು ಕೂರುವ ಜಾಗದಿಂದ ಹೇಗೆ ಕಾಣುತ್ತದೆ ಎಂದು ಮಾವ ಕೇಳಿದರು. ನಾನು ಹೆಮ್ಮೆಯಿಂದ ಗುಂಡಿ ಒತ್ತಿ, ನೋಟವನ್ನು ಪ್ರಯಾಣಿಕರ ಕಿಟಕಿಗೆ ತಂದೆ.

ರೆಕ್ಕೆಯ ಕೆಳಗೆ ಎಂಜಿನ್ ಉರಿಯುತ್ತಿತ್ತು.

ಕೆಂಡದ ಹಾಗೆ, ಒಲೆಯಲ್ಲಿ ಕಾದ ಕಾವಲಿಯ ಹಾಗೆ ಕೆಂಪಗೆ. ಆದದ್ದು ಏನೆಂದು ನನಗೆ ತಕ್ಷಣ ಹೊಳೆಯಿತು. ಆಕಾರ ಮಾಡಿದವನು ಜಾಗ ಉಳಿಸಲು ಚಿತ್ರದ ಒಂದೇ ಮೂಲೆಯನ್ನು ಹೊಟ್ಟೆಗೂ ಎಂಜಿನ್ನಿಗೂ ಸುತ್ತಿದ್ದ. ಹೊಟ್ಟೆಗೆಂದು ನಾನು ಬಳಿದ ಕೆಂಪು ಎಂಜಿನ್ನಿನ ಮೇಲೂ ಬಿದ್ದಿತ್ತು. ಆ ಕಿಟಕಿಯಿಂದ ನಾನು ಯಾವತ್ತೂ ಇಣುಕಿ ನೋಡಿರಲಿಲ್ಲ. ಮಾವ ಸ್ವಲ್ಪ ಮುಂದೆ ಬಾಗಿದರು.

"ಅದು ನೆರುಪ್ಪು ತಾನೇ?" ಎಂದರು. ಬೆಂಕಿ ತಾನೇ ಎಂದು.

ಅಲ್ಲ ಮಾವ, ಬಣ್ಣ, ನಾನೇ ತಪ್ಪಾಗಿ ಬಳಿದದ್ದು ಎಂದೆ. ಅವರು ಎದ್ದು ಹೋಗಿ ಚೀಲ ತೆಗೆದುಕೊಂಡು ಬಂದು, ರೈಲು ನಿಲ್ದಾಣಕ್ಕೆ ಯಾವ ಬಸ್ಸು ಎಂದು ಮಗಳನ್ನು ಕೇಳಿದರು. ಶಾಂತಾಮಣಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಒಂದು ನಿಮಿಷ ಇರಿ, ಸರಿಮಾಡಿ ತೋರಿಸುತ್ತೇನೆ ಎಂದು ನಾನು ಮೌಸ್ ಹಿಡಿದುಕೊಂಡೆ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಆ ವರ್ಷ ನಮ್ಮಲ್ಲಿ ದಿನವೂ ಕರೆಂಟು ತೆಗೆಯುತ್ತಿದ್ದರು. ಮೇಜಿನ ಕೆಳಗಿನ ಯುಪಿಎಸ್ ಕೀಕ್ ಕೀಕ್ ಎಂದು ಕೂಗತೊಡಗಿತು. ಅದು ಹಳೆಯದು, ಎಷ್ಟು ಹೊತ್ತು ಜೀವ ಹಿಡಿದಿರುತ್ತದೆಂದು ಅದಕ್ಕೇ ಗೊತ್ತಿರಲಿಲ್ಲ. ಫ್ಯಾನಿಲ್ಲದ, ಕಂಬಳಿ ಮುಚ್ಚಿದ ಕೋಣೆಯಲ್ಲಿ ಬೆವರು ಸುರಿಯುತ್ತಾ ಆ ಮೂಲೆಯನ್ನು ತೆರೆದೆ, ಕಪ್ಪು ಬಳಿದೆ, ಉಳಿಸಿದೆ. ವಿಮಾನವನ್ನು ಮತ್ತೆ ಕರೆಸುವಷ್ಟರಲ್ಲಿ ಯುಪಿಎಸ್ಸಿನ ಕೂಗು ಒಂದೇ ಸಮನೆ ಆಗಿತ್ತು. ಮಾವ ಚೀಲ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ಎಂಜಿನ್ ಕಪ್ಪಗೆ, ತಣ್ಣಗೆ ಕಾಣಿಸಿತು. ನೋಡಿ ಮಾವ ಎಂದು ತಿರುಗುವಷ್ಟರಲ್ಲಿ ಪರದೆಯೇ ಆರಿಹೋಯಿತು.

ಕತ್ತಲಲ್ಲಿ ನಾವು ಮೂವರೂ ಇದ್ದೆವು. ಮಾವ ಕೇಳಿದರು, "ನಿಜದ್ದರಲ್ಲಿ ಹ್ಯಾಗಿರುತ್ತೆ ಮಾಪ್ಳೆ, ಅದೇ ಜಾಗದಲ್ಲಿ?"

ಸುಳ್ಳು ಹೇಳಬಹುದಿತ್ತು. ಏಕೋ ಬಾಯಿ ಬರಲಿಲ್ಲ. "ನಾನು ನೋಡಿಲ್ಲ ಮಾವ. ನಾನು ಒಂದು ಸಲವೂ ವಿಮಾನ ಹತ್ತಿಲ್ಲ," ಎಂದೆ.

ಶಾಂತಾಮಣಿ ಎದ್ದು ಒಂದು ಕಂಬಳಿಯನ್ನು ಸರಕ್ಕನೆ ಎಳೆದಳು. ಬೆಳಕಿನಲ್ಲಿ ಮಾವ ನನ್ನನ್ನು ಬಹಳ ಹೊತ್ತು ನೋಡಿದರು. ಅಳಿಯ ಎಂಬ ಮರ್ಯಾದೆಯನ್ನು ಪಕ್ಕಕ್ಕಿಟ್ಟು, ಸಂತೆಯಲ್ಲಿ ಕರು ನೋಡುವಂತೆ ನೋಡಿದರು. ಆಮೇಲೆ ಚೀಲವನ್ನು ಕೆಳಗಿಟ್ಟು, ಮಾಪ್ಳೆಯೂ ಬರುವುದಾದರೆ ತಾನು ವಿಮಾನ ಹತ್ತುವುದಾಗಿ ಮಗಳಿಗೆ ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಅವಳು ಆಗಲೇ ಟಿಕೆಟಿಗಾಗಿ ಫೋನು ಮಾಡುತ್ತಿದ್ದಳು.

ಸಂಜೆ ವಿಮಾನದಲ್ಲಿ ಕಿಟಕಿಯ ಸೀಟನ್ನು ಮಾವ ನನಗೇ ಬಿಟ್ಟುಕೊಟ್ಟರು. ನೀವು ನೋಡಬೇಕಾದವರು, ನೋಡಿ ಎಂದರು. ನೆಲ ಬಿಟ್ಟೇಳುವಾಗ ಹೊಟ್ಟೆ ಹಿಂದೆ ಉಳಿಯುತ್ತದೆ ಎಂಬುದನ್ನು ಯಾವ ಸಿಮ್ಯುಲೇಟರೂ ನನಗೆ ತಿಳಿಸಿರಲಿಲ್ಲ. ಸದ್ದು ಒಮ್ಮೆ ಇಳಿದರೆ ಎಂಜಿನ್ ನಿಂತಿತೆಂದೂ, ಏರಿದರೆ ಸಿಡಿಯುತ್ತದೆಂದೂ ನನಗೆ ಅನ್ನಿಸುತ್ತಿತ್ತು. ಯಾವ ಭಾಗ ಯಾವುದಕ್ಕೆ ಎಂದು ಗೊತ್ತಿದ್ದುದರಿಂದ, ಯಾವುದು ಕೆಟ್ಟರೆ ಏನಾಗುತ್ತದೆ ಎಂಬುದೂ ನನಗೆ ವಿವರವಾಗಿ ಗೊತ್ತಿತ್ತು. ಮಾವನಿಗೆ ಆ ಕಷ್ಟವಿರಲಿಲ್ಲ. ಮೊದಮೊದಲು ಕಣ್ಣು ಮುಚ್ಚಿಕೊಂಡಿದ್ದವರು ನನ್ನ ಉಸಿರಿನ ಸದ್ದಿಗೆ ಕಣ್ಣು ಬಿಟ್ಟು, ಮಾಪ್ಳೆ, ನೀರು ಬೇಕಾ ಎಂದು ಕೇಳಿದರು. ಆಮೇಲೆ ಟವೆಲಿನಿಂದ ನನಗೆ ಗಾಳಿ ಹಾಕತೊಡಗಿದರು.

ಹೊರಗೆ ಕತ್ತಲಾಯಿತು. ರೆಕ್ಕೆ ನಾನು ಬರೆದ ಹಾಗೇನೂ ಇರಲಿಲ್ಲ. ಬರಿಯ ಬೂದು ನೆರಳು, ತುದಿಯಲ್ಲಿ ಒಂದು ಚುಕ್ಕೆ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಎಂಜಿನ್ನಿನ ಪಕ್ಕ ಕೆಂಪಗೆ ಹೊಳೆಯಿತು. ಆರಿತು. ಮತ್ತೆ ಹೊಳೆಯಿತು. ನಾನು ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೆರಳಿನಿಂದ ತೋರಿಸಿದೆ. ಅವರು ನನ್ನ ಮೇಲಿಂದ ಬಾಗಿ ಕಿಟಕಿಯಲ್ಲಿ ನೋಡಿದರು, ಸಮಾಧಾನವಾಗಿ ಮತ್ತೆ ಒರಗಿ ಕುಳಿತರು.

"ಬಿಡಿ ಮಾಪ್ಳೆ," ಎಂದರು. "ಇದಕ್ಕೆ ಬಳಿದವನೂ ತಪ್ಪು ಮಾಡಿದ್ದಾನೆ."

ಅದು ಹೊಟ್ಟೆಯ ಕೆಳಗೆ ಮಿಣುಕುವ ದೀಪದ ಪ್ರತಿಫಲನವೆಂದು ನನಗೆ ಅರ್ಥವಾದದ್ದು ಮುಂಬಯಿಯ ನೆಲಕ್ಕೆ ಚಕ್ರ ತಾಗಿದ ಮೇಲೆ. ಅಲ್ಲಿಯವರೆಗೂ ಅವರ ಕೈ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ನಂಜಮ್ಮತ್ತೆ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದರು. ಸಣ್ಣಗಿನ ಹೆಂಗಸು, ಕೈಯಲ್ಲಿ ಗ್ಲೂಕೋಸಿನ ಸೂಜಿ. ಮಾವ ಮಂಚದ ಬಳಿ ನಿಂತು ಅಕ್ಕನ ಪಾದ ಹಿಡಿದುಕೊಂಡರು. ಆಮೇಲೆ ಅತ್ತೆ, ಆಕಾಶದಲ್ಲಿ ಬಂದೆಯಂತಲ್ಲ ಕಣ್ಣು, ಭಯವಾಗಲಿಲ್ಲವೇ ಎಂದು ಮಗುವನ್ನು ಮುದ್ದಿನಿಂದ ಕರೆಯುವಂತೆ ಕೇಳಿದರು.

"ಭಯಪಡೋಕೆ ಎಲ್ಲಿ ಬಿಡುವಿತ್ತು ಅಕ್ಕ," ಎಂದರು ಮಾವ. "ಮಾಪ್ಳೆಯನ್ನ ನೋಡಿಕೊಳ್ಳೋದರಲ್ಲೇ ಮುಂಬಯಿ ಬಂದುಬಿಡ್ತು."

ಅತ್ತೆ ಆಗ ನನ್ನನ್ನು ನೋಡಿದರು. ಇನ್ನು ಕೆಲವೇ ಗಂಟೆಗಳಲ್ಲಿ ಎದೆ ಸೀಳಿಸಿಕೊಳ್ಳಬೇಕಾದ ಆ ಹೆಂಗಸಿನ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕಳವಳವಿತ್ತು. ಕೂತ್ಕೊಳ್ಳಿ ಎಂದರು. ಮುಖ ಹೇಗೆ ಬಾಡಿಹೋಗಿದೆ ಎಂದರು. ಅವರಿಗೆ ನೀರು ಕುಡಿಯುವುದಕ್ಕೂ ಅಪ್ಪಣೆಯಿರಲಿಲ್ಲ. ಆದರೂ ಮಗನನ್ನು ಕರೆದು ಫ್ಲಾಸ್ಕಿನ ಕಾಫಿಯನ್ನು ನನಗೆ ಬಗ್ಗಿಸಿಕೊಡಲು ಹೇಳಿ, ನಾನು ಕುಡಿದು ಮುಗಿಸುವವರೆಗೂ ನೋಡುತ್ತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾವ ಅಕ್ಕನ ಬಳಿ ಕೆಲವು ವಾರ ಇದ್ದು, ಮತ್ತೆ ವಿಮಾನದಲ್ಲೇ ವಾಪಸ್ಸು ಬಂದರು, ಕಿಟಕಿಯ ಸೀಟು ಕೇಳಿ ಪಡೆದು, ಒಬ್ಬರೇ. ನಾನು ರಜೆ ಮುಗಿಯಿತೆಂದು ಅವರಿಗಿಂತ ಮೊದಲೇ ರೈಲಿನಲ್ಲಿ ಬಂದಿದ್ದೆ. ಈಗಲೂ ಮುಂಬಯಿಯಿಂದ ಫೋನು ಬಂದಾಗ, ಎದೆ ಹೇಗಿದೆ ಅತ್ತೆ ಎಂದು ಶಾಂತಾಮಣಿ ಕೇಳುವುದಕ್ಕೆ ಮೊದಲೇ ಅವರು ಮಾಪ್ಳೆ ಈಗ ಹುಷಾರಾಗಿದ್ದಾರಾ ಎಂದು ಕೇಳುತ್ತಾರೆ. ಇವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪರವಾಗಿಲ್ಲ ಅತ್ತೆ, ಓಡಾಡಿಕೊಂಡಿದ್ದಾರೆ ಎನ್ನುತ್ತಾಳೆ.