ಎಂಟರಿಂದ ಎಂಟರವರೆಗೆ ವಿದೇಶ

ತೊಂದರೆ ಶುರುವಾದದ್ದು ಒಂದು ಟೀ ಲೋಟದಿಂದ. ಓದಲೆಂದು ಮರುದಿನ ರಾತ್ರಿಯೇ ವಿಮಾನ ಹತ್ತಬೇಕಿದ್ದ ಹುಡುಗಿ, ಕುಡಿದ ಲೋಟವನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಚಿಕ್ಕಪ್ಪ ಅದನ್ನು ನೋಡಿದರು.

ಚಿಕ್ಕಪ್ಪ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತಿಯ ದಿನ ಶಾಲೆಯವರು ಚೆಂಡು, ಹಗ್ಗ ಎಲ್ಲವನ್ನೂ ವಾಪಸ್ ಪಡೆದಿದ್ದರು. ಸೀಟಿಯನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ಈಗ ಅದನ್ನು ಜೇಬಿನಿಂದ ತೆಗೆದು ಊದಿದರು.

“ಅಲ್ಲಿ ಇದನ್ನ ಯಾರು ತೊಳೀತಾರೆ? ಯೂನಿವರ್ಸಿಟಿಯವರು ಬಂದು ತೊಳೀತಾರಾ?”

“ಈಗ ತೊಳೀತೀನಿ ಚಿಕ್ಕಪ್ಪ” ಎಂದಳು ಹುಡುಗಿ. ಯಾರಿಗೂ ಕೇಳಿಸಲಿಲ್ಲ. ಅವಳ ಮಾತು ಗಂಟಲಿನಿಂದ ಹೊರಟು ಹಲ್ಲಿನ ಹತ್ತಿರ ಬರುವಷ್ಟರಲ್ಲಿ ದಣಿದುಬಿಡುತ್ತಿತ್ತು. ಅದಕ್ಕೇ ಬೀದಿಗೆಲ್ಲ ಅವಳು ‘ಪಿಸು’.

“ತೀರ್ಮಾನ ಆಯ್ತು. ಇವತ್ತು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಈ ಮನೆ ವಿದೇಶ. ಪಿಸು ಇಲ್ಲಿ ಒಬ್ಬಳೇ. ಅವಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ.”

“ಅಯ್ಯೋ, ಬಿಡ್ತು ಅನ್ನಿ!” ಎಂದರು ಅಮ್ಮ. “ಹಾಗಾದ್ರೆ ನಾನ್ಯಾರು?”

“ನೀವು ಓನರು ಅತ್ತಿಗೆ. ಇವಳಿಗೆ ಒಂದು ರೂಮು ಬಾಡಿಗೆ ಕೊಟ್ಟಿದ್ದೀರಿ.”

ಮದುವೆಯಾದಾಗಿನಿಂದ ಆ ಮನೆಯಲ್ಲಿ ಅಮ್ಮನನ್ನು ಯಾರೂ ಓನರ್ ಅಂದಿರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, “ಬಿಸಿನೀರು ಜಾಸ್ತಿ ಸುರೀಬೇಡ, ಹೇಳಿದೀನಿ” ಎಂದರು. ಅಪ್ಪ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು. ಇಂಥ ದಿನಗಳಲ್ಲಿ ಅವರಿಗೆ ಆಫೀಸಿನಲ್ಲಿ ವಿಪರೀತ ಕೆಲಸ.

ಪಿಸುವಿನ ಮೈಯೆಲ್ಲ ಉರಿಯಿತು. ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ವೀಸಾ ಅಂಟಿಸಿದ ಪಾಸ್‌ಪೋರ್ಟು ಇನ್ನೂ ಕೈಗೆ ಬಂದಿರಲಿಲ್ಲ. ಕೊರಿಯರಿನವನು ಇವತ್ತು ತರುತ್ತಾನೆಂದು ಮೊಬೈಲಿಗೆ ಸಂದೇಶ ಬಂದಿತ್ತು. ಲಕೋಟೆಯನ್ನು ಅವಳ ಕೈಗೇ ಕೊಡಬೇಕು, ಅವಳೇ ಸಹಿ ಹಾಕಬೇಕು. ಬೀದಿಗೆ ಗೊತ್ತಾದರೆ ಬೀದಿಯೇ ಬಂದು ಬಾಗಿಲಲ್ಲಿ ಕೂರುತ್ತದೆಂದು, ಹೊರಗೆ ಯಾರಿಗೂ ಹೇಳಬೇಡಿ ಎಂದು ಮನೆಯವರಿಗೆ ತಾನೇ ತಾಕೀತು ಮಾಡಿದ್ದಳು.

ಬೀದಿ ಹೇಗಿದ್ದರೂ ಬಂತು. ಸೀಟಿಯ ಸದ್ದಿಗೆ ಮೊದಲು ಓಡಿಬಂದವರು ಎದುರುಮನೆಯ ನಿವೃತ್ತ ಗುಮಾಸ್ತರು.

“ವಿದೇಶ ಅಂದ್ಮೇಲೆ ಗಡಿ ಬೇಡ್ವೇ? ಗಡಿ ಅಂದ್ಮೇಲೆ ಅಧಿಕಾರಿ ಬೇಡ್ವೇ?” ಎಂದವರೇ ಮನೆಗೆ ಹೋಗಿ ಮೇಜು, ಕುರ್ಚಿ, ಇಂಕ್ ಪ್ಯಾಡು ಮತ್ತು ‘ಪರಿಶೀಲಿಸಲಾಗಿದೆ’ ಎಂಬ ಮೊಹರು ತಂದು ಗೇಟಿನ ಪಕ್ಕ ಸ್ಥಾಪನೆಯಾದರು. ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ದಿನಾ ಪೇಪರಿಗೆ ಆ ಮೊಹರು ಒತ್ತದೆ ಅವರು ಸುದ್ದಿ ಓದುತ್ತಿರಲಿಲ್ಲ.

ಮಹಡಿ ಮನೆಯ ಟೈಲರ್ ಅಕ್ಕ ಒಂದು ಉಣ್ಣೆ ಕೋಟು ಹೊತ್ತು ಇಳಿದರು. “ಅಲ್ಲಿ ಚಳಿ ಕಣೇ. ಈಗಿಂದ್ಲೇ ಅಭ್ಯಾಸ ಆಗ್ಲಿ” ಎಂದು ಕತ್ತಿನವರೆಗೆ ಗುಂಡಿ ಹಾಕಿದರು. ಹೊರಗೆ ಬಿಸಿಲು ತಾರಸಿ ಕಾಯಿಸುತ್ತಿತ್ತು. ಪಿಸು ಕುಕ್ಕರಿನೊಳಗಿನ ಆಲೂಗಡ್ಡೆಯಂತೆ ಒಳಗೊಳಗೇ ಬೆಂದಳು.

ಓನರಮ್ಮನ ಅಪ್ಪಣೆಯಂತೆ ಕಸದ ಬುಟ್ಟಿ ಖಾಲಿ ಮಾಡಿ ವಾಪಸ್ ಬಂದರೆ ಗೇಟಿಗೆ ಗುಮಾಸ್ತರ ಕೈ ಅಡ್ಡ ಬಂತು.

“ಬಂದ ಉದ್ದೇಶ?”

“ಕಸ ಹಾಕಿ ಬಂದೆ ಅಂಕಲ್…”

“ಜೋರಾಗಿ! ಎಷ್ಟು ದಿನದ ವಾಸ? ಜೊತೆಗೆ ಏನು ತಂದಿದ್ದೀಯಾ?”

“ಬುಟ್ಟಿ.”

ಅವರು ಬುಟ್ಟಿಯನ್ನು ತಲೆಕೆಳಗು ಮಾಡಿ ಕುಟ್ಟಿ, ಅದರ ತಳಕ್ಕೊಂದು ಮೊಹರು ಒತ್ತಿ ಬಿಟ್ಟರು. ಇಷ್ಟು ವರ್ಷ ತಾನು ಎಲ್ಲರಿಗೂ ದಾರಿ ಬಿಟ್ಟು ನಡೆದದ್ದಕ್ಕೆ ಸಿಕ್ಕ ಮರ್ಯಾದೆ ಇದೇನಾ ಎಂದು ಪಿಸು ಹಲ್ಲು ಕಡಿದಳು. ಅದೂ ಸದ್ದಾಗಲಿಲ್ಲ.

ಹನ್ನೊಂದು ಗಂಟೆಗೆ ಚಿಕ್ಕಪ್ಪ ಮುಖ್ಯ ಪರೀಕ್ಷೆ ಘೋಷಿಸಿದರು. “ಬಾ, ಬಸ್ಸಿನ ಕೊನೇ ಸ್ಟಾಪಿನಲ್ಲಿ ಬಿಟ್ಟು ಬರ್ತೀನಿ. ಅಲ್ಲಿಂದ ದಾರಿ ಕೇಳ್ಕೊಂಡು ನೀನೇ ಬರಬೇಕು. ಫೋನು ಕಳೆದುಹೋಯ್ತು ಅಂತ ಇಟ್ಕೋ” ಎಂದು ಅವಳ ಫೋನನ್ನು ಆಫ್ ಮಾಡಿ ತಮ್ಮ ಜೇಬಿಗೆ ಇಳಿಸಿದರು.

“ಚಿಕ್ಕಪ್ಪ, ಕೊರಿಯರು…”

“ಅವರು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾರೆ? ಸಂಜೆ ಆರಕ್ಕೆ ಮುಂಚೆ ಅವನು ಬಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ.”

ಗೇಟಿನ ಹತ್ತಿರ ಪಿಸು ಕೊನೆಯ ಪ್ರಯತ್ನ ಮಾಡಿದಳು. “ಅಂಕಲ್, ಮಧ್ಯಾಹ್ನ ಒಬ್ಬರು ಬಂದ್ರೆ…”

“ಪ್ರಶ್ನೆ ಕೇಳೋದು ನಾನು, ನೀನಲ್ಲ. ಎಲ್ಲಿಗೆ ಪ್ರಯಾಣ? ಹ್ಞಾಂ, ಹೊರಡು” ಎಂದು ಗುಮಾಸ್ತರು ಅವಳ ಅಂಗೈಗೆ ಮೊಹರು ಒತ್ತಿದರು.

ಕೊನೇ ಸ್ಟಾಪಿನಲ್ಲಿ ಅವಳನ್ನು ಇಳಿಸಿ ಚಿಕ್ಕಪ್ಪ ಅದೇ ಬಸ್ಸಿನಲ್ಲಿ ಕೈಬೀಸುತ್ತ ಹೋದರು. ಪಿಸು ಪಿಸುಗುಟ್ಟಿ ದಾರಿ ಕೇಳಿದ ಮೊದಲನೆಯವರು ಅವಳ ಕೈಗೆ ಚಿಲ್ಲರೆ ಹಾಕಿದರು. ಎರಡನೆಯವರು ಆ ಬಿಸಿಲಲ್ಲಿ ಉಣ್ಣೆ ಕೋಟು ಕಂಡು ರಸ್ತೆ ದಾಟಿಬಿಟ್ಟರು. ಕೊನೆಗೆ ಹತ್ತಿದ ಬಸ್ಸು ಅವಳನ್ನು ಡಿಪೋಗೆ ಒಯ್ದು ಪಂಪಿನಿಂದ ತೊಳೆಸಿಕೊಂಡಿತು. ಕಿಟಕಿ ತೆರೆದಿತ್ತು, ಕೋಟಿಗೂ ಸ್ನಾನವಾಯಿತು.

ಮುಂದಿನ ಬಸ್ಸಿನಲ್ಲಿ ಕಂಡಕ್ಟರು ಮೂರನೇ ಸಲ “ಏನಮ್ಮ? ಏನು?” ಎಂದಾಗ, ಒಳಗೆ ಇಷ್ಟು ವರ್ಷ ಮಡಚಿಟ್ಟದ್ದೆಲ್ಲ ಒಟ್ಟಿಗೆ ಎದ್ದು ನಿಂತಿತು.

“ಈ ಬಸ್ಸು ಎಲ್ಲಿಗ್ ಹೋಗತ್ತೆ ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳ್ತೀರಾ!”

ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಇಡೀ ಬಸ್ಸು ಒಟ್ಟಿಗೆ ದಾರಿ ಹೇಳಿತು. ಒಬ್ಬ ಅಜ್ಜಿ ಎದ್ದು ಸೀಟು ಬಿಟ್ಟುಕೊಟ್ಟರು. ಪಿಸು ಕೂತಳು, ಥ್ಯಾಂಕ್ಸ್ ಕೂಡ ಹೇಳದೆ. ಮೈ ಹಗುರಾಗಿತ್ತು. ಇನ್ನು ಯಾವ ದೇಶವಾದರೇನು!

ಐದಕ್ಕೆ ಗೇಟಿನ ಮುಂದೆ ಬಂದಾಗ ಗುಮಾಸ್ತರ ಮುಖ ಬಡ್ತಿ ಸಿಕ್ಕವರ ಹಾಗೆ ಹೊಳೆಯುತ್ತಿತ್ತು.

“ಮೂರು ಗಂಟೆಗೆ ಯಾರೋ ಒಬ್ಬ ಬಂದಿದ್ದ. ಎರಡು ಸಲ ಬೆಲ್ ಒತ್ತಿದ, ಒಳಗಿಂದ ಉಸಿರಿಲ್ಲ. ನಿನ್ನ ಹೆಸರು ಹೇಳಿ ಎಲ್ಲಿದ್ದಾರೆ ಅಂದ. ವಿದೇಶದಲ್ಲಿದ್ದಾಳೆ ಅಂದೆ. ‘ಹೋಗಿಬಿಟ್ರಾ?’ ಅಂದ. ‘ನಾನೇ ಮೊಹರು ಹೊಡೆದು ಕಳಿಸಿದೀನಿ ಕಣಯ್ಯ’ ಅಂದೆ. ಹಾಗಾದ್ರೆ ಬರವಣಿಗೇಲಿ ಕೊಡಿ ಅಂದ. ಈ ಕಾಲದಲ್ಲಿ ಬರವಣಿಗೇಲಿ ಯಾರಮ್ಮ ಕೇಳ್ತಾರೆ? ಖುಷಿಯಾಗಿ ಮೂರು ಪ್ರತಿ ಮಾಡಿಕೊಟ್ಟೆ. ಇದು ನಿನ್ನ ಪ್ರತಿ.”

ಚೀಟಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರಗಳಿದ್ದವು: ‘ವಿಳಾಸದಾರರು ವಿದೇಶಕ್ಕೆ ತೆರಳಿರುತ್ತಾರೆ. ಲಕೋಟೆಯನ್ನು ಕಳುಹಿಸಿದವರಿಗೆ ಹಿಂದಿರುಗಿಸುವುದು.’ ಕೆಳಗೆ ಕೊರಿಯರ್ ಕಚೇರಿಯ ನಂಬರು, ಗುಮಾಸ್ತರ ಸಹಿ, ಮೊಹರು.

ಪಿಸು ಕಿರುಚಿದ ರಭಸಕ್ಕೆ ತಂತಿಯ ಮೇಲಿನ ಕಾಗೆಗಳೆಲ್ಲ ಎದ್ದವು. ಬಾಗಿಲು ತೆರೆಯಿತು.

“ಕೇಳಿಸ್ತಾ ಅತ್ತಿಗೆ? ಧ್ವನಿ ಬಂತು! ಪಾಸು!” ಎಂದು ಚಿಕ್ಕಪ್ಪ ಸೀಟಿ ಊದುತ್ತ ಓಡಿಬಂದರು. ಚೀಟಿ ಓದಿದ ಮೇಲೆ ಸೀಟಿ ಬಾಯಿಂದ ಜಾರಿತು. ಕೈ ತಾನಾಗಿ ಹೋಗಿ ಮೀಸೆಯನ್ನು ಮುಚ್ಚಿಕೊಂಡಿತು.

“ಬೆಲ್ ಆದಾಗ ನೀನೇ ಬಂದೆ ಅಂದ್ಕೊಂಡೆ ಕಣೇ” ಅಮ್ಮನ ಕಣ್ಣು ತುಂಬಿತ್ತು. “ಕೀ ಮರೆತ್ರೆ ಅಲ್ಲಿ ಯಾರು ತೆಗೀತಾರೆ, ಏಳಬೇಡಿ ಅತ್ತಿಗೆ ಅಂತ ನಿಮ್ಮ ಚಿಕ್ಕಪ್ಪ… ನಾನೂ ಹಲ್ಲು ಕಚ್ಚಿ ಕೂತಿದ್ನಲ್ಲೇ!”

ಪಿಸು ಚಿಕ್ಕಪ್ಪನ ಜೇಬಿನಿಂದ ಫೋನು ಕಿತ್ತುಕೊಂಡು ಕೊರಿಯರ್ ಕಚೇರಿಗೆ ಹಚ್ಚಿದಳು. ಲಕೋಟೆ ನಾಲ್ಕರ ಗಾಡಿಯಲ್ಲಿ ಹೊರಟುಹೋಗಿತ್ತು. ತಿರುಗಿ ಬರಲು ಒಂದು ವಾರ.

“ಆದ್ರೆ ನಾನು ಎಲ್ಲೂ ಹೋಗಿಲ್ಲ! ಇಲ್ಲೇ ಇದ್ದೀನಿ!” ಎಂದು ಅವಳು ಗುಡುಗಿದ್ದು ಬೀದಿಯ ಆ ತುದಿಗೂ ಕೇಳಿಸಿತು.

“ಎಲ್ಲರೂ ಹಾಗೇ ಹೇಳ್ತಾರೆ ಮೇಡಂ” ಎಂದಿತು ಫೋನಿನ ದನಿ, ಬಹಳ ಸಮಾಧಾನವಾಗಿ. “ನೀವು ಹೋಗಿದ್ದೀರಿ ಅಂತ ನಮ್ಮ ಹತ್ರ ಅಧಿಕಾರಿಗಳ ಮೊಹರೇ ಇದೆ. ಪರಿಶೀಲಿಸಲಾಗಿದೆ.”

ಅವಳು ಫೋನಿಟ್ಟು, ಒದ್ದೆ ಕೋಟಿನಲ್ಲೇ ಗೇಟು ತಳ್ಳಿದಳು. ಗುಮಾಸ್ತರು ಗಡಿಯಾರ ನೋಡಿದರು. ಎಂಟಕ್ಕೆ ಇನ್ನೂ ಮೂರು ಗಂಟೆ ಬಾಕಿಯಿತ್ತು. ಅವರ ಕೈ ಮೆಲ್ಲಗೆ ಅಡ್ಡ ಬಂತು.

“ಬಂದ ಉದ್ದೇಶ?”