ಅವರವರ ಮೊಳ

ನಮ್ಮ ಸೋದರಮಾವನ ಲೆಕ್ಕದಲ್ಲಿ ಲೋಕದಲ್ಲಿ ಕುಳ್ಳರೇ ಇಲ್ಲ! ಯಾರೇ ಆಗಲಿ, ಅವರವರ ಕೈಯಲ್ಲಿ ಮೂರೂವರೆ ಮೊಳ. ನೀವೂ ಅಷ್ಟೇ, ದಿವಾನರೂ ಅಷ್ಟೇ. ಹೊಳವನಹಳ್ಳಿಯಲ್ಲಿ ಅವರ ಅಳತೆದಾರಕ್ಕೆ ಮೊಣಕೈ ಚಾಚದವರು ಯಾರಿದ್ದರು?

ಮದುವೆ ಗೊತ್ತಾದಾಗ ನನಗೆ ಈ ಲೆಕ್ಕ ಬಹಳ ಹಿತವಾಗಿತ್ತು. ನಾನು ಕುಳ್ಳಿ. ಗಂಡಿನ ಮನೆಯವರೋ, ಬಾಗಿಲಲ್ಲಿ ತಲೆ ತಗ್ಗಿಸಿ ಬರುವವರು! ಆ ಮನೆಗೆ ನಾನು ಹೊಂದುತ್ತೇನೆಯೇ ಎಂಬ ಅಳುಕು ಒಳಗೇ ಇತ್ತು.

ನನ್ನ ಜೊತೆ ಕಳಿಸುವ ರಾಜ-ರಾಣಿ ಪಟ್ಟದ ಗೊಂಬೆಗಳಿಗೆ ಕುರ್ಚಿ ಮಾಡಲು ಮಾವ ಕುಳಿತರು. ನಾನು ಕಾನ್ವೆಂಟಿನ ಅಡಿಪಟ್ಟಿ ತಂದೆ.

"ಒಂದು ಅಡಿಗೆ ಒಂದು ಅಂಗುಲ ಅಂತ ಇಟ್ಟುಕೊಳ್ಳಿ ಮಾವ, ಸಿಸ್ಟರ್ ಹಾಗೇ ಹೇಳಿಕೊಟ್ಟಿದ್ದಾರೆ."

"ನಿಮ್ ಸಿಸ್ಟರಮ್ಮನ ಅಳತೆ ನಮ್ ರಾಣಿಗ್ಯಾಕಮ್ಮ? ಅವಳ ಮೊಳ ಅವಳಿಗೆ!"

ರಾಣಿಗೊಂಬೆಯ ಕೈಗೆ ದಾರ ಹಿಡಿದು, ಪೊರಕೆಕಡ್ಡಿಯ ಮೇಲೆ ಗುರುತು ಹಾಕಿಕೊಂಡರು. ಆಮೇಲೆ ಇನ್ನೊಂದು ದಾರ ನನ್ನ ಕೈಗೂ ಹಿಡಿದು, ಗಂಟು ಹಾಕಿ ಜೇಬಿಗಿಳಿಸಿದರು. "ನಿಂದೂ ಒಂದ್ ಇರ್ಲಿ ಬುಡು."

ಅಂಗಡಿಯ ಅತಿ ಸಣ್ಣ ಮೊಳೆ ತಂದುಕೊಟ್ಟೆ. ಕಡ್ಡಿ ಹಿಡಿದು ನೋಡಿ ಎಸೆದೇಬಿಟ್ಟರು. "ನಮಗಿದು ಮೊಳೆ. ಅವಳಿಗೆ ದನ ಕಟ್ಟೋ ಗೂಟ ಕಣಮ್ಮ!" ಕೊನೆಗೆ ಜಾಲಿಮುಳ್ಳಿನ ತುದಿ ಮುರಿದು ಜಡಿದರು.

ಎಂಟು ದಿನದ ಮೇಲೆ ಕುರ್ಚಿ ಮುಗಿಯಿತು. ಕೈ, ಕಾಲು, ಬೆನ್ನಿನ ಬಳ್ಳಿ, ಎಲ್ಲ ಎಷ್ಟು ಚೆಂದ! ರಾಣಿಯನ್ನು ಕೂರಿಸಿದೆವು. ಜಾರಿದಳು. ಮತ್ತೆ ಕೂರಿಸಿದೆವು. ಮತ್ತೆ ಜಾರಿದಳು.

ಅಕ್ಕಿ ಆರಿಸುತ್ತಿದ್ದ ಮಾವನ ಹೆಂಡತಿ ತಲೆಯೆತ್ತಿದರು. "ಕೈ ಅಳೆದ್ರಿ, ಸರಿ. ಸೊಂಟ ಎಲ್ಲೈತೆ ಅಂತ ನೋಡುದ್ರಾ? ಪಟ್ಟದ ಗೊಂಬೆ ಯಾವತ್ತಾದ್ರೂ ಕುಂತಿದ್ದುಂಟಾ?"

ಹೌದಲ್ಲ! ಅವು ಒಂದೇ ಮರದ ತುಂಡಿನಲ್ಲಿ ನಿಂತೇ ಹುಟ್ಟಿದವು!

ಮಾವ ಮೀಸೆ ನೀವಿಕೊಂಡರು. "ಇರ್ಲಿ ಬುಡೇ. ಕೂರದಿದ್ರೂ, ತನ್ ಅಳತೇದು ಅಂತ ಒಂದು ಕುರ್ಚಿ ಬೇಡ್ವಾ ಅವಳಿಗೆ?"

ಮದುವೆಯಾಗಿ ಗೊಂಬೆ, ಕುರ್ಚಿ ಸಮೇತ ಮಧುಗಿರಿಗೆ ಬಂದೆ. ಅಳುಕಿದ್ದೇ ಆಯಿತು. ಅಡಿಗೆಮನೆಯ ಹಲಗೆ ನನಗೆ ಎಟುಕಲಿಲ್ಲ. ಉಪ್ಪು ಬೇಕಾದರೂ ಯಾರನ್ನಾದರೂ ಕರೆಯಬೇಕು! ನಾದಿನಿ ನಗುವಳು: "ಅತ್ತಿಗೆ ನಿಂತವ್ರೆ ನೋಡು, ಪಟ್ಟದ ಗೊಂಬೆ ನಿಂತಂಗೆ!" ನಾನೂ ನಗುತ್ತಿದ್ದೆ, ತುಟಿಯಲ್ಲಿ ಮಾತ್ರ.

ಒಮ್ಮೆ ಊರಿಂದ ಸೋದರಮಾವ ಬಂದರು. ತುದಿಗಾಲಲ್ಲಿ ನಿಂತು ನಾನು ಭರಣಿಗೆ ತಡಕಾಡುವುದನ್ನು ಮಜ್ಜಿಗೆ ಕುಡಿಯುತ್ತ ನೋಡಿದರು. ಲೋಟ ಇಟ್ಟು, ಹಲಗೆಯ ಎತ್ತರಕ್ಕೆ ದಾರ ಹಿಡಿದರು.

"ನಾನು ಕುಳ್ಳಿಯಾಗಿಬಿಟ್ಟೆ ಮಾವ."

"ಎಲ್ಲಾನಾ ಉಂಟಾ? ತಪ್ಪು ಹಲಗೇದು ಕಣಮ್ಮ."

ವಾರ ಕಳೆದು, ಊರ ಕಡೆಯ ಗಾಡಿಯಲ್ಲಿ ಒಂದು ಎತ್ತರದ ಮಣೆ ಬಂತು. ಹತ್ತಿ ನಿಂತು ಕೈ ಚಾಚಿದೆ. ಉಪ್ಪಿನ ಭರಣಿ ಅಂಗೈಗೇ ಬಂತು! ಇಳಿದು ಮಣೆ ಮಗುಚಿ ನೋಡಿದರೆ, ಅಡಿಯಲ್ಲಿ ಗಂಟು ಹಾಕಿದ ನನ್ನ ಮೊಳದ ದಾರ, ಜಾಲಿಮುಳ್ಳಿನಲ್ಲಿ ಚುಚ್ಚಿಟ್ಟದ್ದು.

ಬೇಕಿಲ್ಲದಿದ್ದರೂ ಇನ್ನೊಮ್ಮೆ ಹತ್ತಿ ಉಪ್ಪು ತೆಗೆದೆ. ಮತ್ತೂ ಒಮ್ಮೆ. ಆವತ್ತಿನ ಸಾರು ಬಾಯಿಗಿಡುವಂತಿರಲಿಲ್ಲ.