ಮಾವನ ಪಿಸುಮಾತು ಮತ್ತು ಪಟ್ಟೆತಲೆ ಹೆಬ್ಬಾತು

ದೊಡ್ಡಬಳ್ಳಾಪುರದ ಆಸುಪಾಸಿನ ಯಾವುದಾದರೂ ಕೆರೆಯಲ್ಲಿ ಒಂದೇ ಒಂದು ಹಕ್ಕಿಯೂ ಕಾಣಿಸದಿದ್ದರೆ, ಈಗಷ್ಟೇ ನಮ್ಮ ಸೋದರಮಾವ ಅಲ್ಲಿ ಹಕ್ಕಿ ನೋಡಿ ಹೋಗಿದ್ದಾರೆ ಎಂದು ತಿಳಿಯಿರಿ!

ತಪ್ಪು ಮಾವನದಲ್ಲ, ಮಗ್ಗದ್ದು. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯ್ದವರು. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ, ಗಂಟಲು ದುಪ್ಪಟ್ಟಾಗಿದೆ. ಅವರು ಸಾಸಲು ಕೆರೆಯಲ್ಲಿ ಪಿಸುಗುಟ್ಟಿದರೆ ಆಚೆ ಊರು ದೊಡ್ಡಬೆಳವಂಗಲದಲ್ಲಿ ಕೇಳುತ್ತದೆ. ಹೋದ ಚಳಿಗಾಲದಲ್ಲಿ ಒಂದು ಮಿಂಚುಳ್ಳಿ ಕಂಡಿತು. ಮಾವ ನನ್ನ ಕಿವಿಗೆ ಬಾಯಿ ಹಚ್ಚಿ, "ಸದ್ದು ಮಾಡ್ಬೇಡ ಕಣೋ!" ಅಂದರು. ಮಿಂಚುಳ್ಳಿ ಹೋಯಿತು, ಬೆಳ್ಳಕ್ಕಿಗಳು ಹೋದವು, ಆಚೆ ದಡದಲ್ಲಿ ಮಲಗಿದ್ದ ಎಮ್ಮೆಯೂ ಎದ್ದು ಹೋಯಿತು!

"ನೋಡ್ದಾ? ನೀನು ಕೆಮ್ಮಿದ್ದಕ್ಕೇ ಹೋದ್ವು" ಎಂದು ನನ್ನನ್ನೇ ಗದರಿದರು.

ಹಕ್ಕಿಗಳ ಪುಸ್ತಕ ತಂದುಕೊಟ್ಟೆ, ಮುಟ್ಟಲಿಲ್ಲ. ಅವರ ಕಣ್ಣಿಗೆ ಹಕ್ಕಿಯೆಂದರೆ ಸೀರೆಯೇ. ಒಂದು ಪ್ಲೇನ್, ಇನ್ನೊಂದಕ್ಕೆ ಮೈತುಂಬ ಬುಟ್ಟ. ಪಾಪದ ಬಾತುಕೋಳಿಯೊಂದನ್ನು "ಬಣ್ಣ ನಿಲ್ಲಲ್ಲ, ಎರಡು ಒಗೆತಕ್ಕೆ ಹೋಗುತ್ತೆ" ಎಂದು ತಳ್ಳಿಹಾಕಿದರು! ಮನಸಾರೆ ಮೆಚ್ಚಿದ್ದು ಒಂದನ್ನೇ: ಚಳಿ ಬಿದ್ದಮೇಲೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು.

"ಎಲ್ಲಾ ಬಿಟ್ಟು ತಲೆಗೆ ಬಾರ್ಡರ್ ಹಾಕವ್ನಲ್ಲೋ ಆ ದೇವ್ರು, ಎಂಥಾ ನೇಕಾರ ಅವ್ನು!"

ಅದನ್ನು ಅತ್ತೆಗೆ ತೋರಿಸಬೇಕೆಂಬುದೇ ಅವರ ಹಟ. ಅತ್ತೆ ಅದೇ ಶೆಡ್ಡಿನಲ್ಲಿ ಎದುರಿನ ಮಗ್ಗದಲ್ಲಿ ದುಡಿದವರು. ಮಂಡಿನೋವು ಬೇರೆ. ಅವರು ಕುಂಟುತ್ತ ಕೆರೆ ಏರಿ ಹತ್ತುವಷ್ಟರಲ್ಲಿ ಮಾವ "ಬೇಗ ಬಾರೇ!" ಅನ್ನುತ್ತಿದ್ದರು, ಹೆಬ್ಬಾತುಗಳು ಹಾರಿಬಿಡುತ್ತಿದ್ದವು. ಎರಡು ವರ್ಷ ಹೀಗೇ ಆಯಿತು. ಈ ಸಲ ಅತ್ತೆ ಹೊರಡುವ ಮೊದಲೇ ಹೇಳಿದ್ದರು: "ಇದೇ ಕೊನೆ ಕಣಪ್ಪಾ. ಮುಂದಿನ ವರ್ಷ ಏರಿ ಹತ್ತೋಕೆ ನನ್ ಕೈಲಾಗಲ್ಲ."

ವಾರವಿಡೀ ಕೊರೆದ ಚಳಿ ಅಂದು ಬೆಳಿಗ್ಗೆ ತುಸು ಇಳಿದು ಎಳೆಬಿಸಿಲು ಬಂದಿತ್ತು. ಮಾವ ಮುಂದಾಗಿ ಏರಿ ಹತ್ತಿದರು. ನಾನು ಕೆಳಗೆ ಅತ್ತೆಯ ಕೈ ಹಿಡಿದು ನಿಂತಿದ್ದೆ. ಮಾವ ತಟ್ಟನೆ ನಮ್ಮ ಕಡೆ ತಿರುಗಿ ಬಾಯಿ ತೆರೆದರು. ಮುಗಿಯಿತು ಈ ವರ್ಷದ್ದೂ, ಅಂದುಕೊಂಡೆ.

ಆದರೆ ಮಾವ ಬಾಯಿ ಮುಚ್ಚಿದರು. ಎರಡು ಬೆರಳನ್ನು ನೆತ್ತಿಯ ಮೇಲೆ ಅಡ್ಡ ಎಳೆದರು. ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿದರು. ಆಮೇಲೆ ಎದೆಯ ಹತ್ತಿರ ಬೆರಳಾಡಿಸಿ ಇನ್ನೇನೋ ಸನ್ನೆ ಮಾಡಿದರು. ಅತ್ತೆ ಕೈಸನ್ನೆಯಲ್ಲೇ ಉತ್ತರ ಕೊಟ್ಟರು!

"ಏನಂತಾರೆ ಅತ್ತೆ?"

"ತಲೆಗೆ ಎರಡು ಬಾರ್ಡರ್ ಇರೋವು ಕೂತವೆ, ನಿಧಾನಕ್ಕೆ ಬಾ ಅಂತವ್ರೆ. ಮಗ್ಗದ ಸದ್ದಲ್ಲಿ ಮಾತೆಲ್ಲಿ ಕೇಳ್ತಿತ್ತು? ಅಲ್ಲಿ ನಮ್ದೆಲ್ಲಾ ಕೈಯಲ್ಲೇ."

ಒಂದೊಂದೇ ಹೆಜ್ಜೆ ಇಟ್ಟು ಹತ್ತಿದೆವು. ಹೆಬ್ಬಾತುಗಳು ನೀರಂಚಿನಲ್ಲಿ ಬಿಸಿಲು ಕಾಯುತ್ತ ಕೂತೇ ಇದ್ದವು. ಅತ್ತೆ ಕಣ್ತುಂಬ ನೋಡಿದರು. ಪಕ್ಕದಲ್ಲಿ ಮಾವ ಉಸಿರನ್ನೂ ಬಿಗಿಹಿಡಿದು ನಿಂತಿದ್ದರು. ಇಷ್ಟು ವರ್ಷ ಆ ಗಂಟಲನ್ನು ಗೇಲಿ ಮಾಡಿದ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಇಳಿಯುವಾಗ ತಡೆಯಲಾಗದೆ ಕೇಳಿದೆ: "ಅತ್ತೆ, ಮಾವ ಕೊನೇಲಿ ಎದೆ ಹತ್ರ ಬೆರಳಾಡಿಸಿ ಏನೋ ಅಂದ್ರಲ್ಲ?"

ಅತ್ತೆ ನಸುನಾಚಿ ಸೆರಗು ಸರಿಮಾಡಿಕೊಂಡರು.

"ಅದು ಹಳೇದು. ನಿಂಗ್ಯಾಕೆ?"